ಸೋರಿದ ಮಾತ್ರಕ್ಕೆ ಬಿಸಾಕಬೇಕಾ?

ನಮ್ಮಲ್ಲಿ ಯಾವುದೇ ಸೋರಿಕೆಗೆ ಎರಡೇ ಮದ್ದು. ಒಂದು, ಎಂ-ಸೀಲ್ ಮೆತ್ತುವುದು. ಇನ್ನೊಂದು, ಅಂಗಡಿಯವನು "ಹೊಸದು ತಗೊಳ್ಳಿ ಸಾರ್" ಅಂದ ತಕ್ಷಣ ತಗೊಳ್ಳುವುದು. ಇವೆರಡರ ನಡುವೆ ಮೂರನೆಯದೊಂದಿದೆ: ಎಲ್ಲಿ ಸೋರುತ್ತಿದೆ, ಯಾಕೆ ಸೋರುತ್ತಿದೆ ಅಂತ ನೋಡಿ ರಿಪೇರಿ ಮಾಡುವುದು. ಅದರ ಪರವಾಗಿ ಸ್ವಲ್ಪ ವಕಾಲತ್ತು ಹಾಕೋಣ ಅಂತ ಈ ಪೋಸ್ಟ್.

ನನ್ನ ಮನೆಯ ಕಂಪ್ಯೂಟರಿಗೆ ನೀರಿನ ಕೂಲಿಂಗ್ ಇದೆ. ಗೊತ್ತಿಲ್ಲದವರಿಗೆ ಒಂದು ಮಾತು: ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನು ನೀರು ಹೊತ್ತೊಯ್ಯುತ್ತದೆ, ರೇಡಿಯೇಟರಿನಲ್ಲಿ ಫ್ಯಾನಿನ ಗಾಳಿಗೆ ತಣ್ಣಗಾಗಿ ವಾಪಸ್ ಬರುತ್ತದೆ. ಪಂಪು ಇದನ್ನು ಸುತ್ತಿಸುತ್ತಾ ಇರುತ್ತದೆ. ಕಾರಿನಲ್ಲಿ ಇರುವುದೂ ಇದೇ. ಹೋದ ತಿಂಗಳು ರೇಡಿಯೇಟರಿನ ಪೋರ್ಟ್, ಅಂದರೆ ಪೈಪು ಬಂದು ಸೇರುವ ಬಾಯಿ, ತೊಟ್ಟಿಕ್ಕೋಕೆ ಶುರುವಾಯಿತು. ಕೆಳಗೆ ಗ್ರಾಫಿಕ್ಸ್ ಕಾರ್ಡು! ಎರಡು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ ಬೆಲೆಯದು. ಡಿಸ್ಟಿಲ್ಡ್ ವಾಟರ್ ತಾನೇ, ಕರೆಂಟ್ ಹರಿಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಲೋಹದ ಮೇಲೆ ಸುತ್ತಿ ಸುತ್ತಿ ಆ ನೀರು ಶುದ್ಧವಾಗಿ ಉಳಿದಿರುವುದಿಲ್ಲ.

ಅಂಗಡಿಯವರ ಸಲಹೆ ಒಂದೇ ಸಾಲು: "ಇದಕ್ಕೆಲ್ಲ ರಿಪೇರಿ ಇಲ್ಲ, ಬಿಸಾಕಿ." ಗೆಳೆಯನೊಬ್ಬನದು ಇನ್ನೊಂದು: "ಟೆಫ್ಲಾನ್ ಟೇಪ್ ಸುತ್ತಿ ಗಟ್ಟಿಯಾಗಿ ತಿರುಗಿಸು ಮಗಾ."

ಎರಡೂ ತಪ್ಪು ಅನ್ನುವುದು ನನ್ನ ವಾದ.

ಈ ಪೋರ್ಟುಗಳ ಥ್ರೆಡ್ಡಿಗೆ ಜಿ 1/4 ಅಂತ ಹೆಸರು. ಹೊರ ಅಳತೆ ಸುಮಾರು 13.16 ಮಿಲಿಮೀಟರ್, ಇಂಚಿಗೆ 19 ಸುತ್ತು. ಇದು ನೇರ ಥ್ರೆಡ್ಡು, ಮೊನೆ ಕಡೆ ಸಣ್ಣಗಾಗುತ್ತಾ ಹೋಗುವಂಥದ್ದಲ್ಲ. ಹಾಗಾಗಿ ನೀರು ತಡೆಯುವುದು ಥ್ರೆಡ್ಡಿನ ಕೆಲಸವೇ ಅಲ್ಲ. ತಡೆಯುವುದು ಫಿಟ್ಟಿಂಗಿನ ಬುಡದಲ್ಲಿರುವ ರಬ್ಬರಿನ ಓ-ರಿಂಗು. ಕುಕ್ಕರಿನ ಗ್ಯಾಸ್ಕೆಟ್ ನೆನೆಸಿಕೊಳ್ಳಿ. ಗ್ಯಾಸ್ಕೆಟ್ ಹಳೆಯದಾಗಿ ಪಕ್ಕದಲ್ಲಿ ಹಬೆ ಬಂದರೆ ಅಮ್ಮ ಮುಚ್ಚಳಕ್ಕೆ ಟೇಪ್ ಸುತ್ತುತ್ತಾಳಾ? ಕುಕ್ಕರ್ ಬಿಸಾಕುತ್ತಾಳಾ? ಇಲ್ಲಿ ಟೇಪ್ ಸುತ್ತಿದರೆ ಓ-ರಿಂಗ್ ಸರಿಯಾಗಿ ಕೂರದೆ ಹೋಗಬಹುದು. ಸ್ಪ್ಯಾನರ್ ಹಾಕಿ ಬಿಗಿದರೆ ರಬ್ಬರ್ ಕಿತ್ತು ಹೊರಬರುತ್ತದೆ, ಇಲ್ಲವೇ ಪೋರ್ಟಿನ ಬೆಸುಗೆಯೇ ಸಡಿಲವಾಗುತ್ತದೆ. ಕೈಯಲ್ಲಿ ಬಿಗಿದು, ಮೇಲೊಂದು ಚೂರು ತಿರುಗಿಸಿದರೆ ಸಾಕು.

ಆದ್ದರಿಂದ ಹುಡುಕುವುದಕ್ಕೊಂದು ಕ್ರಮ ಬೇಕು. ಮೊದಲು ಓ-ರಿಂಗ್ ಬದಲಿಸಿ ನೋಡುವುದು, ಕೆಲವೇ ರೂಪಾಯಿಯ ಮಾತು. ಆಮೇಲೆ ಅದು ಕೂರುವ ಮುಖದಲ್ಲಿ ಪೇಂಟಿನ ಗಂಟು, ಗೀರು ಇದೆಯಾ ಅಂತ ನೋಡುವುದು. ಆಮೇಲೆ ಬೇರೆ ಫಿಟ್ಟಿಂಗ್. ಇಷ್ಟಾದರೂ ಸೋರಿದರೆ ಪೋರ್ಟನ್ನು ಟ್ಯಾಂಕಿಗೆ ಬೆಸೆದ ಜಾಗ. ನನ್ನದರಲ್ಲಿ ತೊಂದರೆ ಇದ್ದದ್ದು ಅಲ್ಲೇ, ಕೂದಲೆಳೆಯಷ್ಟು ಬಿರುಕು.

ರೇಡಿಯೇಟರ್ ತಾಮ್ರ-ಹಿತ್ತಾಳೆಯದು. ಅಂದಮೇಲೆ ಬೆಸುಗೆ ಹಾಕಬಹುದಲ್ಲ? ಜೆ.ಸಿ. ರಸ್ತೆ ಕಡೆಯ ಕಾರ್ ರೇಡಿಯೇಟರ್ ರಿಪೇರಿಯ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. "ಇದ್ಯಾವ ಗಾಡೀದಪ್ಪಾ?" ಅಂದರು. ಕಂಪ್ಯೂಟರಿದು ಯಜಮಾನ್ರೇ ಅಂದೆ. ಒಂದು ಸಲ ನನ್ನನ್ನೂ ಒಂದು ಸಲ ಅದನ್ನೂ ನೋಡಿದರು :) ಪೇಂಟ್ ಕೆರೆದರು, ಅಕ್ಕಪಕ್ಕದ ಬೆಸುಗೆ ಬಿಟ್ಟುಕೊಳ್ಳದಿರಲಿ ಅಂತ ಒದ್ದೆ ಬಟ್ಟೆ ಸುತ್ತಿದರು, ಫ್ಲಕ್ಸ್ ಹಚ್ಚಿ ಸೀಸ ಹರಿಸಿದರು. ಸೈಕಲ್ ಟ್ಯೂಬಿನ ಹಾಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೆಲ್ಲಗೆ ಗಾಳಿ ಬಿಟ್ಟು ಗುಳ್ಳೆ ನೋಡಿದರು. ಒಂದೂ ಬರಲಿಲ್ಲ. ಕೂಲಿ? ಹೊಸ ರೇಡಿಯೇಟರಿನ ಹತ್ತರಲ್ಲೊಂದು ಪಾಲೂ ಇಲ್ಲ.

ಮನೆಗೆ ಬಂದು ಒಳಗೆ ಉಳಿದ ಫ್ಲಕ್ಸ್ ಹೋಗುವ ತನಕ ಬಿಸಿನೀರಿನಲ್ಲಿ ತೊಳೆದೆ. ಉಳಿದ ಯಾವ ಭಾಗಕ್ಕೂ ಕರೆಂಟ್ ಕೊಡದೆ ಪಂಪು ಮಾತ್ರ 24 ಗಂಟೆ ಓಡಿಸಿದೆ, ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರ್. ಎಲ್ಲ ಒಣಗಿಯೇ ಇತ್ತು.

ಎಲ್ಲವನ್ನೂ ರಿಪೇರಿ ಮಾಡಬಹುದು ಅಂತ ನಾನು ಹೇಳುತ್ತಿಲ್ಲ. ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಬೆಸುಗೆ ಹಿಡಿಯುವುದಿಲ್ಲ. ಕಾರ್ಖಾನೆಯಲ್ಲೇ ಮುಚ್ಚಿ ಕಳಿಸುವ ಕೂಲರುಗಳನ್ನು ಬಿಚ್ಚುವ ಹಾಗೂ ಇಲ್ಲ, ವಾರಂಟಿ ಇದ್ದರೆ ವಾಪಸ್ ಕೊಡುವುದೇ ಜಾಣತನ. ಹೊರಗಿನಿಂದ ಮೆತ್ತಿದ ಎಪಾಕ್ಸಿ ನಾಲ್ಕು ದಿನ ತಡೆದರೂ, ಕೆಳಗೆ ದುಬಾರಿ ಕಾರ್ಡು ಇಟ್ಟುಕೊಂಡು ಅದನ್ನು ನಂಬಿ ನಿದ್ದೆ ಮಾಡಲಾರೆ.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಈಗಿನ ಕಾರುಗಳಲ್ಲಿ ಬಹುತೇಕ ಅಲ್ಯೂಮಿನಿಯಂ ರೇಡಿಯೇಟರು, ಪ್ಲಾಸ್ಟಿಕ್ ಟ್ಯಾಂಕು. ಸೋರಿದರೆ ಬದಲಿಸುವುದೇ. ಆ ಯಜಮಾನರ ಕೈಗೆ ಬರುವ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆ. "ನಮ್ ಹುಡುಗ್ರು ಯಾರೂ ಕಲ್ತಿಲ್ಲಪ್ಪ" ಅಂದರು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಒಳ್ಳೆಯದೇ. ಆದರೆ ಹಕ್ಕು ಕಾಗದದಲ್ಲಿದ್ದು, ಬೆಸುಗೆ ಹಾಕುವ ಕೈಯೇ ಇಲ್ಲದಿದ್ದರೆ ಏನು ಮಾಡೋಣ? ನಾವು ಸಾಫ್ಟ್‌ವೇರಿನವರು ಬಗ್ ಎಲ್ಲಿದೆ ಅಂತ ರಾತ್ರಿಯಿಡೀ ಹುಡುಕುತ್ತೇವೆ. ಮನೆಯ ಮಿಕ್ಸಿ ಕೆಟ್ಟರೆ ಮಾತ್ರ ಐದು ನಿಮಿಷದಲ್ಲಿ ಹೊಸದು ಆರ್ಡರ್!

ನಿಮ್ಮ ಊರಿನಲ್ಲಿ ಇಂಥ ಕೈ ಇನ್ನೂ ಯಾರದ್ದಿದೆ? ಕೊಡೆಯೋ, ಸ್ಟವ್ವೋ, ರೇಡಿಯೋವೋ, ಏನೇ ರಿಪೇರಿಯಾಗಲಿ, ಕಾಮೆಂಟಿನಲ್ಲಿ ಬರೆಯಿರಿ. ಕೆಟ್ಟದ್ದೇನಾದರೂ ಮನೆಯಲ್ಲಿದ್ದರೆ ಬಿಸಾಕುವ ಮುಂಚೆ ಒಮ್ಮೆ ಅವರ ಹತ್ತಿರ ಹೋಗಿ ಬನ್ನಿ.