ಒಂದು ಪ್ರನಾಳ, ಹಲವು ಕೈಗಳು

ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿ ಗಂಗಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧ. ಸುತ್ತಲೂ ಕಬ್ಬಿನ ಸೀಮೆ. ಕಬ್ಬು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇಲ್ಲಿ ಕಬ್ಬು ಕಡಿಯುತ್ತಿದ್ದ ಆಳೊಬ್ಬನಿಗೆ ಹಾವು ಕಚ್ಚಿತೆನ್ನಿ. ಯಾವ ಹಾವೆಂದು ಅವನು ನೋಡಿಲ್ಲ. ಅವನ ಜೀವ ಉಳಿಸುವವರು ಯಾರು? ‘ಡಾಕ್ಟರು’ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ.

ಆಸ್ಪತ್ರೆಯಲ್ಲಿ ಮೊದಲು ನಡೆಯುವುದು ಒಂದು ಸರಳ ಪರೀಕ್ಷೆ. ರೋಗಿಯ ೨ ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಪ್ರನಾಳಕ್ಕೆ ಹಾಕಿ ೨೦ ನಿಮಿಷ ಅಲುಗಿಸದೆ ಇಡಬೇಕು. ಬಳಿಕ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ, ಕೊಳಕುಮಂಡಲ ಅಥವಾ ಉರಿಮಂಡಲದ ವಿಷ ಏರಿರುವ ಸೂಚನೆ. ಗಾಜಿನ ಸ್ಪರ್ಶವೇ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುತ್ತದೆ. ಆದ್ದರಿಂದ ಪ್ಲಾಸ್ಟಿಕ್ ನಳಿಕೆಯಾಗಲಿ, ಸೋಪಿನ ಪುಡಿ ಹಾಕಿ ತೊಳೆದ ಗಾಜಾಗಲಿ ಬಳಸಿದರೆ, ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ಉಳಿದೀತು. ಆಗ ಬೇಡದ ಪ್ರತಿವಿಷ ಕೊಟ್ಟಂತಾಗುತ್ತದೆ. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅದು ಒಗ್ಗದೆ ಪ್ರಾಣಕ್ಕೇ ಕುತ್ತು ಬರಬಹುದು.

ರಕ್ತ ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ನಾಗರ, ಕಟ್ಟುಹಾವುಗಳ ವಿಷ ನರಗಳಿಗೆ ತಾಗುವಂಥದು. ರೋಗಿಯ ಕಣ್ಣರೆಪ್ಪೆ ಜೋಲುತ್ತಿದೆಯೇ ಎಂದು ರಾತ್ರಿಯೆಲ್ಲ ನೋಡುವವಳು ನರ್ಸ್. ಔಷಧ ದಾಸ್ತಾನು ಮುಗಿಯದಂತೆ ನೋಡಿಕೊಳ್ಳುವವನು ಫಾರ್ಮಾಸಿಸ್ಟ್. ಪ್ರನಾಳ ತೊಳೆಯುವವರೊಬ್ಬರು, ರಕ್ತ ತೆಗೆಯುವವರೊಬ್ಬರು, ನಿರ್ಧಾರ ಮಾಡುವವರೊಬ್ಬರು. ಅವರವರ ಕೆಲಸ ಅವರವರಿಗೆ ಗೊತ್ತು. ಎಡವಟ್ಟಾಗುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಲ್ಲಿ. ‘ಡಾಕ್ಟರನ್ನು ಈ ಹೊತ್ತಿನಲ್ಲಿ ಎಬ್ಬಿಸಲೇ ಬೇಡವೇ’ ಎಂದು ನರ್ಸ್ ಅಳುಕಿದ ಅರ್ಧ ಗಂಟೆಯಲ್ಲಿ ಉಸಿರಾಟವೇ ನಿಂತುಹೋಗಬಹುದು.

ಈ ಅಳುಕು ಬಂದದ್ದೆಲ್ಲಿಂದ? ಹೆದ್ದಾರಿಯ ಒಂದು ದಿಕ್ಕಿಗೆ ೧೯೬೩ರಲ್ಲಿ ಆರಂಭವಾದ ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು, ಇನ್ನೊಂದು ದಿಕ್ಕಿಗೆ ೧೯೫೭ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು. ಎರಡೂ ಊರುಗಳಲ್ಲಿ ನರ್ಸಿಂಗ್, ಫಾರ್ಮಸಿ ಕಾಲೇಜುಗಳೂ ಇವೆ. ಆದರೆ ನಮ್ಮ ದೇಶದಲ್ಲಿ ಒಂದೊಂದು ವೃತ್ತಿಗೂ ಒಂದೊಂದು ಕಾಯಿದೆ. ನರ್ಸಿಂಗ್‌ಗೆ ಒಂದು, ಫಾರ್ಮಸಿಗೆ ೧೯೪೮ರದು, ವೈದ್ಯರಿಗೆ ೨೦೧೯ರದು, ತಂತ್ರಜ್ಞರಿಗೆ ೨೦೨೧ರದು. ಪಠ್ಯವೂ ಬೇರೆ, ಪರೀಕ್ಷೆಯೂ ಬೇರೆ. ಏಳು ಜನ ಕಬಡ್ಡಿ ಆಟಗಾರರನ್ನು ಏಳು ಊರುಗಳಲ್ಲಿ ಪಳಗಿಸಿ, ಪಂದ್ಯದ ದಿನವೇ ಒಟ್ಟಿಗೆ ಅಂಗಳಕ್ಕೆ ಇಳಿಸಿದ ಹಾಗೆ!

ವಿಶ್ವ ಆರೋಗ್ಯ ಸಂಸ್ಥೆ ೧೯೮೮ರಲ್ಲೇ ಇದಕ್ಕೆ ಮದ್ದು ಸೂಚಿಸಿತ್ತು. ೨೦೧೦ರಲ್ಲಿ ಮತ್ತೆ ವಿವರವಾಗಿ ಹೇಳಿತು. ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು ಎಂಬುದೇ ಅದರ ಸಾರ. ಕರ್ನಾಟಕದಲ್ಲಿ ಮಣಿಪಾಲದವರು ಅಮೆರಿಕದ ಫೈಮರ್ ಸಂಸ್ಥೆಯ ಜೊತೆಗೂಡಿ, ಹೀಗೆ ಕಲಿಸಬಲ್ಲ ಅಧ್ಯಾಪಕರನ್ನೇ ತಯಾರಿಸುವ ಕಾರ್ಯಕ್ರಮ ಆರಂಭಿಸಿದರು.

ಇದರಿಂದ ಪ್ರಯೋಜನವುಂಟೇ? ಶಸ್ತ್ರಚಿಕಿತ್ಸೆಗೆ ಮುನ್ನ ಕೋಣೆಯಲ್ಲಿದ್ದವರೆಲ್ಲ ತಮ್ಮ ಹೆಸರು, ಕೆಲಸ ಹೇಳಿಕೊಂಡು ೧೯ ಅಂಶಗಳ ಪಟ್ಟಿಯನ್ನು ಒಟ್ಟಿಗೆ ಪರಿಶೀಲಿಸುವ ಪದ್ಧತಿಯನ್ನು ದೆಹಲಿಯೂ ಸೇರಿ ೮ ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. ಸಾವಿನ ಪ್ರಮಾಣ ಶೇಕಡಾ ೧.೫ರಿಂದ ೦.೮ಕ್ಕೆ ಇಳಿಯಿತೆಂದು ೨೦೦೯ರಲ್ಲಿ ಪ್ರಕಟವಾಯಿತು. ಆದರೆ ಅದೇ ಬಗೆಯ ಪಟ್ಟಿಯನ್ನು ಕೆನಡಾದ ಒಂಟಾರಿಯೋ ಪ್ರಾಂತದ ಆಸ್ಪತ್ರೆಗಳೆಲ್ಲ ಅಳವಡಿಸಿಕೊಂಡಾಗ ಅಂಥ ಇಳಿಕೆ ಕಾಣಲಿಲ್ಲವೆಂದು ೨೦೧೪ರ ಅಧ್ಯಯನ ಹೇಳಿತು. ಕಾಗದಕ್ಕೆ ಗುರುತು ಹಾಕಿದ ಮಾತ್ರಕ್ಕೆ ಜೊತೆಗಾರಿಕೆ ಬರುವುದಿಲ್ಲವಷ್ಟೆ. ಅದಕ್ಕೆ ರೂಢಿ ಬೇಕು, ರೂಢಿಗೆ ಎಳೆಯ ವಯಸ್ಸು ಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಆ ಪ್ರನಾಳವನ್ನೇ ಪಾಠವಾಗಿಸಬಹುದು. ವೈದ್ಯ, ನರ್ಸ್, ಫಾರ್ಮಸಿ, ಪ್ರಯೋಗಾಲಯದ ವಿದ್ಯಾರ್ಥಿಗಳು ನಾಲ್ವರು ಅದರ ಸುತ್ತ ಕೂರಲಿ. ಹೇಗಿದ್ದರೂ ೨೦ ನಿಮಿಷ ಕಾಯಲೇಬೇಕು. ಅಷ್ಟರಲ್ಲಿ ತಮ್ಮ ತಮ್ಮ ಕೆಲಸವೇನು, ತಪ್ಪುವುದೆಲ್ಲಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಮುಂದೊಂದು ದಿನ ನಡುರಾತ್ರಿ ಅವರಲ್ಲೊಬ್ಬಳು ಇನ್ನೊಬ್ಬನನ್ನು ಎಬ್ಬಿಸಬೇಕಾದಾಗ ಅಳುಕಲಾರಳು.