ಹತ್ತೊಂಬತ್ತರ ಪಾನಾ

ಗುಮಾಸ್ತರಾದ ನಮಗೆ ಲೇಖನಿಯೇ ಆಯುಧವೆಂಬುದು ನಿಜ. ಆದರೂ ಮುಂಬಯಿ, ಪುಣೆಗಳಿಂದ ಮಕ್ಕಳುಮರಿಗಳೊಡನೆ ಕಾರಿನಲ್ಲಿ ಊರಿಗೆ ಹೊರಡುವ ನಮ್ಮವರು ಇನ್ನೊಂದು ಆಯುಧವನ್ನೂ ಅರಿತಿರಬೇಕು. ಅದು 19 ಮಿಲಿಮೀಟರಿನ ಸಾಕೆಟ್ ಪಾನಾ.

19 ಎಂಬುದು ಬೋಲ್ಟಿನ ದಪ್ಪವಲ್ಲ. ಆರು ಮೂಲೆಯ ನಟ್ಟಿನ ಎದುರುಬದುರು ಮುಖಗಳ ನಡುವಣ ಅಂತರ. ಮಾರುತಿ, ಹೋಂಡಾ ಕಾರುಗಳಲ್ಲಿ ಹೆಚ್ಚಿನವುಗಳ ಗಾಲಿಯ ನಟ್ಟಿಗೆ ಇದೇ ಅಳತೆ. ಯಂತ್ರಗಳಲ್ಲಿ 12 ಮಿ.ಮೀ. ದಪ್ಪದ ಬೋಲ್ಟಿನ ತಲೆಯೂ ಹಳೆಯ ಜರ್ಮನ್ ಮಾನದಂತೆ 19. ಅಂತಾರಾಷ್ಟ್ರೀಯ ಮಾನದಲ್ಲಿ ಮಾತ್ರ 18. ಮುಕ್ಕಾಲು ಅಂಗುಲವೆಂದರೆ 19.05 ಮಿ.ಮೀ. ಆದುದರಿಂದ ಅಂಗುಲದ ಲೆಕ್ಕದಲ್ಲಿ ಮಾಡಿದ ಹಳೆಯ ಯಂತ್ರಗಳ ಮುಕ್ಕಾಲಂಗುಲದ ನಟ್ಟಿಗೂ ಇದು ಸಾಮಾನ್ಯವಾಗಿ ಒಪ್ಪುತ್ತದೆ.

ಟೊಯೋಟಾ, ಹ್ಯುಂಡೈ ಕಾರುಗಳಲ್ಲಿ ಬಹುಪಾಲಿಗೆ 21 ಬೇಕು. ನೋಡುವ ಕಣ್ಣಿಗೆ ಎರಡೂ ಒಂದೇ! 21ನ್ನು 19ರ ನಟ್ಟಿಗೆ ತೊಡಿಸಿ ಬಲ ಹಾಕಿದರೆ ಮೂಲೆಗಳು ಸವೆದು ನಟ್ಟು ಉರುಟಾಗುತ್ತದೆ. ಆಮೇಲೆ ಸರಿಯಾದ ಪಾನಾ ತಂದರೂ ಜಾರುತ್ತದೆ. ನಡುರಾತ್ರಿ ಘಟ್ಟದ ದಾರಿಯಲ್ಲಿ ಸ್ಟೆಪ್ನಿ ಇದ್ದೂ ಇಲ್ಲದಂತೆ.

ಆದಕಾರಣ ಹೊರಡುವ ಮುನ್ನಾದಿನ ಮನೆಯ ಮುಂದೆಯೇ ಪಾನಾ ತೊಡಿಸಿ ನೋಡಿರಿ. ಗಾಲಿ ಬದಲಿಸುವ ಪ್ರಸಂಗ ಬಂದರೆ, ಜಾಕಿನಿಂದ ಕಾರನ್ನು ಎತ್ತುವ ಮೊದಲೇ ನಟ್ಟುಗಳನ್ನು ತುಸು ಸಡಿಲಿಸಿರಿ. ಬಿಗಿಯುವಾಗ ಪಕ್ಕದ್ದನ್ನು ಬಿಟ್ಟು ಎದುರಿನದನ್ನು ಹಿಡಿಯಿರಿ. ಗಾಲಿ ನೆಲಕ್ಕಿಳಿದ ಮೇಲೆ ಕೊನೆಯ ಬಿಗಿ.

ಮನೆಯ ಮುಂದಿನ ಪರೀಕ್ಷೆಗೆ ಐದು ನಿಮಿಷ ಸಾಕು. ಊರಿನಲ್ಲಿ ದಾರಿ ನೋಡುತ್ತಿರುವ ಹಿರಿಯರನ್ನು ಇರುಳೆಲ್ಲ ಎಚ್ಚರವಿರಿಸಬಾರದೆಂದೇ ನಾವು ಇಷ್ಟು ಬರೆದೆವು.