ಹತ್ತು ತಿಂಗಳ ಮೇಷ್ಟ್ರಿಗೂ ಹನ್ನೆರಡು ತಿಂಗಳ ಹೊಟ್ಟೆ ಇದೆ

ಜೂನ್ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ತಾಲ್ಲೂಕಿಗೆ ಹೋದರೂ ಡಿ.ಎಡ್., ಬಿ.ಎಡ್. ಮುಗಿಸಿದವರ ಬಾಯಲ್ಲಿ ಒಂದೇ ಪ್ರಶ್ನೆ: ‘ಗೆಸ್ಟ್ ಟೀಚರ್ ಆರ್ಡರ್ ಬಂತಾ?’ ಹೋದ ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದವರೂ ಮತ್ತೆ ಅರ್ಜಿ ಹಾಕಬೇಕು.

2025-26ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಸುಮಾರು 51 ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರ ಒಪ್ಪಿತು. ಇಷ್ಟು ಜನ ಬೇಕಾಗುತ್ತಾರೆ ಅನ್ನೋದು ಪ್ರತಿ ವರ್ಷವೂ ಮೊದಲೇ ಗೊತ್ತಿರುವ ವಿಷಯ. ಆದರೂ ಬಾಗಿಲಿಗೆ ದಿಢೀರನೆ ನೆಂಟರು ಬಂದವರ ಹಾಗೆ ಜೂನ್‌ನಲ್ಲಿ ಓಡಾಟ ಶುರುವಾಗುತ್ತದೆ.

ಈಗ ದುಡ್ಡಿನ ಲೆಕ್ಕ ನೋಡೋಣ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500. ಏರಿಸಿದ್ದು ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಏಪ್ರಿಲ್, ಮೇ ತಿಂಗಳಿಗೆ ಏನೂ ಇಲ್ಲ. ಹತ್ತು ತಿಂಗಳು ಪೂರ್ತಿ ಸಿಕ್ಕರೂ ಪ್ರಾಥಮಿಕ ಶಾಲೆಯವರಿಗೆ ವರ್ಷಕ್ಕೆ 1,20,000. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 330 ರೂಪಾಯಿಯೂ ಆಗಲ್ಲ. ಅದೇ ವರ್ಷ ನರೇಗಾ ಕೂಲಿ ದಿನಕ್ಕೆ 370. ನರೇಗಾ ಕೆಲಸ ವರ್ಷಪೂರ್ತಿ ಇರಲ್ಲ, ನಿಜ. ಆದರೆ ಪಾಠ ಹೇಳೋರ ದುಡಿಮೆಯನ್ನು ಈ ಮಟ್ಟದಲ್ಲಿಟ್ಟು ಹೋಲಿಸಬೇಕಾಗಿ ಬಂದಿರೋದೇ ನಮಗೆ ಕಸಿವಿಸಿ. ಪಕ್ಕದ ಕೊಠಡಿಯ ಕಾಯಂ ಶಿಕ್ಷಕರ ಆರಂಭದ ಮೂಲ ವೇತನ 7ನೇ ವೇತನ ಆಯೋಗದ ನಂತರ 40 ಸಾವಿರ ದಾಟಿದೆ. ಅವರ ಸಂಬಳ ಜಾಸ್ತಿ ಅಂತ ನಾವು ಹೇಳುತ್ತಿಲ್ಲ. ಪಾಠ, ಹಾಜರಿ, ಪರೀಕ್ಷೆ ಪೇಪರ್ ತಿದ್ದೋದು, ಮಕ್ಕಳಿಗೆ ಮೊಟ್ಟೆ ಹಂಚುವಾಗ ನಿಂತು ನೋಡಿಕೊಳ್ಳೋದು, ಇಬ್ಬರ ಕೆಲಸವೂ ಒಂದೇ ಅಂತ ಹೇಳುತ್ತಿದ್ದೇವೆ.

ಆ 12 ಸಾವಿರವೂ ತಿಂಗಳಿಗೆ ಸರಿಯಾಗಿ ಕೈಗೆ ಬರಲ್ಲ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅಲ್ಲಿವರೆಗೆ ಅಂಗಡಿಯಲ್ಲಿ ಸಾಲ. ಬಸ್ ಖರ್ಚು ಬೇರೆ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಚನ್ನಗಿರಿ ಕಡೆ ಸಂಜೆ ಹೊತ್ತು ಸುಲಿಯಲು ಕೂರುವ ಟೀಚರಮ್ಮಂದಿರಿದ್ದಾರೆ. ಕೆಲಸ ಸಣ್ಣದು ಅಂತಲ್ಲ, ಮರುದಿನದ ಪಾಠಕ್ಕೆ ತಯಾರಾಗುವ ಹೊತ್ತು ಅದರಲ್ಲೇ ಹೋಗುತ್ತದೆ.

ನಡುವಲ್ಲಿ ವರ್ಗಾವಣೆಯಾಗಿ ಯಾರಾದರೂ ಬಂದರೆ ಅತಿಥಿ ಶಿಕ್ಷಕರು ಅವತ್ತೇ ಜಾಗ ಬಿಡಬೇಕು. ಪುಸ್ತಕ ಅರ್ಧಕ್ಕೆ ಬಂದಿರುತ್ತೆ, ಒಂದನೇ ಕ್ಲಾಸಿನ ಮಗು ಆಗಷ್ಟೇ ಟೀಚರಿಗೆ ಹೊಂದಿಕೊಂಡಿರುತ್ತೆ.

‘ಷರತ್ತು ಒಪ್ಪಿಯೇ ಬಂದಿದ್ದೀರಲ್ಲ’ ಅನ್ನೋರಿದ್ದಾರೆ. ಬೇರೆ ಕೆಲಸ ಇದ್ದಿದ್ದರೆ ಯಾರು ಒಪ್ಪುತ್ತಿದ್ದರು? ಹಿಂಬಾಗಿಲಿಂದ ಕಾಯಂ ಮಾಡಬಾರದು ಅಂತ 2006ರಲ್ಲಿ ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರಿ, ಕಾಯಂ ಮಾಡಿ ಅಂತ ನಾವೂ ಇಲ್ಲಿ ಕೇಳುತ್ತಿಲ್ಲ. ಆದರೆ ಅದೇ ಕೋರ್ಟ್ 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತೆ ಅಂದಿತ್ತು. ಆ ಮಾತು ಯಾಕೋ ಯಾರಿಗೂ ನೆನಪಾಗಲ್ಲ.

ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರು 2023ರ ಕೊನೆಗೆ ತರಗತಿ ಬಿಟ್ಟು ಹೋರಾಟಕ್ಕೆ ಕೂತರು, ಸರ್ಕಾರ ಅವರ ಗೌರವಧನ ಏರಿಸಿತು. ಹಳ್ಳಿ ಶಾಲೆಗೆ ಒಬ್ಬರೋ ಇಬ್ಬರೋ ಇರುವ ಅತಿಥಿ ಶಿಕ್ಷಕರು ಹಾಗೆ ಕೂತರೆ ಮಾರನೇ ದಿನ ಶಾಲೆಯಲ್ಲಿ ಪಾಠವೇ ಇರಲ್ಲ. ಅದಕ್ಕೇ ಅವರು ಕೂರಲ್ಲ.

ನಮ್ಮ ಬೇಡಿಕೆ ಮೂರೇ: ತಿಂಗಳ ದುಡ್ಡು ಆ ತಿಂಗಳೇ ನೇರ ಖಾತೆಗೆ ಬರಲಿ, ಹನ್ನೆರಡು ತಿಂಗಳೂ ಬರಲಿ, ಕಾಯಂ ನೇಮಕಾತಿಯಲ್ಲಿ ಅವರ ಅನುಭವಕ್ಕೆ ಅಂಕ ಇರಲಿ. ಮೊದಲನೆಯದಕ್ಕೆ ಹೊಸ ಹಣವೂ ಬೇಡ.

ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ‘ನಮ್ಮ ಅತಿಥಿ ಶಿಕ್ಷಕರಿಗೆ ಯಾವ ತಿಂಗಳವರೆಗೆ ದುಡ್ಡು ಬಂದಿದೆ?’ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.